ಕಾಫಿ ಅಂಗಡಿಯ ಮೂಲೆಯಲ್ಲಿ ಠೇಚಾ ಪಾಸ್ತಾ

120 ರೂಪಾಯಿ! ಒಂದು ಸ್ಟೀಲ್ ತಟ್ಟೆ, ತಟ್ಟೆ ತುಂಬ ಹೊಗೆಯಾಡುವ ಪಾಸ್ತಾ, ಅದಕ್ಕೆಲ್ಲ ಮೆತ್ತಿಕೊಂಡ ಹಸಿರು ಹಸಿರಾದ ಏನೋ ಒಂದು, ಮೇಲೆ ಬೆರಳೆತ್ತರಕ್ಕೆ ತುರಿದ ಚೀಸ್. ಮೊದಲ ಚಮಚ ಬಾಯಿಗೆ ಹೋಯಿತು. ಬೆಳ್ಳುಳ್ಳಿ ಬಂತು. ಸುಟ್ಟ ಹಸಿಮೆಣಸಿನಕಾಯಿ ಬಂತು. ಹುರಿದ ಶೇಂಗಾ ಬಂತು. ಖಾರ ಇನ್ನೇನು ನೆತ್ತಿಗೇರಬೇಕು, ಅಷ್ಟರಲ್ಲಿ ಬೆಣ್ಣೆ ಬಂದು ಅದರ ಬೆನ್ನು ಸವರಿ ಕೂರಿಸಿತು. ನಾನು ಚಮಚ ಕೆಳಗಿಟ್ಟು ತಟ್ಟೆಯನ್ನೇ ನೋಡುತ್ತ ಕೂತುಬಿಟ್ಟೆ. ಈ ರುಚಿ ನನಗೆ ಗೊತ್ತು! ಇಂಡಿ ತಾಲ್ಲೂಕಿನ ನಮ್ಮ ಮನೆಯ ಒರಳಿನ ರುಚಿ ಇದು. ಇಟಲಿಯ ಹೆಸರು ಹೊತ್ತ ತಿಂಡಿಯೊಳಗೆ, ಪುಣೆಯ ಮಗರಪಟ್ಟಾದಲ್ಲಿ, ಅವ್ವ ಕುಟ್ಟಿದ ಖಾರ ಬಂದು ಕೂತದ್ದಾದರೂ ಹೇಗೆ?

ಅದು ಹಡಪಸರದ ಕಡೆಗೆ, ಮಗರಪಟ್ಟಾ ಸಿಟಿಯ ಗೇಟಿನಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಫಿಲ್ಟರ್ ಕಾಫಿ ಅಂಗಡಿ. ಒಳಗೆ ನಾಲ್ಕು ಮೇಜು. ಬಾಗಿಲ ಪಕ್ಕದ ಮೂಲೆಯನ್ನು ಅಂಗಡಿಯವರು ಬಾಡಿಗೆಗೆ ಕೊಟ್ಟಿದ್ದಾರೆ. ಅಲ್ಲಿ ಎರಡು ಒಲೆ, ಒಂದು ದೊಡ್ಡ ತವಾ, ಒಂದು ಸ್ಯಾಂಡ್‌ವಿಚ್ ಗ್ರಿಲ್, ಗೋಡೆಗೆ ತೂಗುಹಾಕಿದ ಕಪ್ಪು ಹಲಗೆ. ಹಲಗೆಯ ಮೇಲೆ ಮರಾಠಿಯಲ್ಲಿ ಸೀಮೆಸುಣ್ಣದ ಬರಹ: ವೈಟ್ ಸಾಸ್ ಪಾಸ್ತಾ 110, ಠೇಚಾ ಪಾಸ್ತಾ 120, ಶೇಂಗಾ ಚಟ್ನಿ ಚೀಸ್ ಟೋಸ್ಟ್ 70, ಖಡಕ್ ಭಾಕರಿ ನ್ಯಾಚೋಸ್ 80, ತವಾ ಪಿಜ್ಜಾ 130. ಕಾಫಿ ಅಂಗಡಿಯವರದ್ದು, ತಿಂಡಿ ಮೂಲೆಯವರದ್ದು, ಮೇಜು ಇಬ್ಬರಿಗೂ ಸೇರಿದ್ದು. ಮಾಲ್‌ನಲ್ಲಿ ಒಬ್ಬರು ಒಂದು ಪಾಸ್ತಾ ತಿನ್ನುವ ದುಡ್ಡಿಗೆ ಇಲ್ಲಿ ಮೂವರು ತಿಂದು, ಮೇಲೆ ಕಾಫಿ ಕುಡಿದು ಎದ್ದು ಹೋಗಬಹುದು.

ಇಂಥದ್ದೇ ವ್ಯವಸ್ಥೆ ಸಿಂಗಾಪುರದ ಬಡಾವಣೆಗಳಲ್ಲಿದೆ. ಅಲ್ಲಿ ಅದಕ್ಕೆ ಕೊಪಿಟಿಯಾಮ್ ಅನ್ನುತ್ತಾರೆ. ಕಾಫಿ ಮಾಲೀಕರದ್ದು, ಸುತ್ತಲಿನ ಮೂಲೆಗಳಲ್ಲಿ ಒಬ್ಬೊಬ್ಬರದ್ದು ಒಂದೊಂದು ಅಡುಗೆ, ಅದರಲ್ಲೊಂದು ಮೂಲೆ ಬಹುಮಟ್ಟಿಗೆ ‘ವೆಸ್ಟರ್ನ್’. ಬ್ರಿಟಿಷರ ಮನೆಗಳಲ್ಲಿ, ಹಡಗುಗಳಲ್ಲಿ ಅಡುಗೆ ಮಾಡುತ್ತಿದ್ದ ಹೈನಾನ್ ದ್ವೀಪದ ಚೀನೀ ಬಾಣಸಿಗರು ದೊರೆಗಳ ಊಟವನ್ನು ತಮ್ಮ ಸೋಯಾ ಸಾಸ್ ಹಾಕಿ ಬದಲಿಸಿ ಬೀದಿಯ ಜನರಿಗೆ ಬಡಿಸಿದರು, ಅಲ್ಲಿಂದ ಬೆಳೆದದ್ದು ಅದು. ಅಂದರೆ ದೊಡ್ಡವರ ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡವರು ಹೊರಗೆ ಬಂದು ನೆರೆಹೊರೆಯವರಿಗೆ ಅದೇ ಅಡುಗೆಯನ್ನು ತಮ್ಮ ರುಚಿಗೆ ತಿರುಗಿಸಿ ಕೊಟ್ಟ ಕಥೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಹಡಪಸರದ ಈ ಮೂಲೆಯಲ್ಲೂ ಆದದ್ದು ಅದೇ!

ನಾನು ಮರಾಠಿಯಲ್ಲೇ ಹೇಳಿ ತರಿಸಿಕೊಂಡಿದ್ದೆ. ಒಲೆಯ ಮುಂದಿದ್ದ ಹೆಣ್ಣುಮಗಳಿಗೆ ನಲವತ್ತೈದರ ಆಸುಪಾಸು. ಪಕ್ಕದಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಮಗ. ಅವನು ಬೆಂದ ಪಾಸ್ತಾ ಸೋಸಿ, ಪಾತ್ರೆಯ ನೀರನ್ನು ಮೋರಿಗೆ ಸುರಿಯಲು ಹೊರಟ. ಆಕೆ ತಿರುಗಿ ನೋಡಿ ಕೂಗಿದಳು: “ಏ ತಮ್ಮಾ, ಗಂಜಿ ಚೆಲ್ಲಬ್ಯಾಡೋ!”

ಕನ್ನಡ!

“ಅಕ್ಕಾರ, ಕನ್ನಡ ಬರ್ತೈತೇನ್ರಿ ನಿಮಗ?”

“ಬರ್ತೈತೇನ್ರಿ ಅಂದ್ರ? ಅಕ್ಕಲಕ್ವಾಟಿ ಕಡಿಯವ್ರ್ರೀ ನಾವು. ಮನ್ಯಾಗ ಮಾತಾಡೂದು ಕನ್ನಡಾನ. ನೀವು ಯಾ ಕಡ್ಯಾವ್ರು?”

“ಇಂಡಿ ಕಡೆಯಾಂವ್ರೀ.”

“ಅಯ್ಯ, ಹಂಗಾರ ಹೊಳೀ ಆಚಿಕ್ಕಡಿ ಅಲ್ಲೇನ್ರಿ! ಕುಂದರ್ರಿ ಅಣ್ಣಾರ, ಇನ್ನೊಂದೀಟು ಹಾಕ್ತೀನಿ.”

ಹೊಳೆಯೆಂದರೆ ಭೀಮಾ. ಆಗ ನನಗೆ ಹೊಳೆದದ್ದನ್ನು ಹೇಳದಿದ್ದರೆ ಈ ಬರಹ ಮುಂದೆ ಹೋಗುವುದಿಲ್ಲ. ಮಗರಪಟ್ಟಾದ ಉತ್ತರಕ್ಕೆ, ಮುಂಢವಾದ ಹತ್ತಿರ ಹರಿಯುವ ಮುಳಾ-ಮುಠಾ ನದಿ ಮುಂದೆ ಹೋಗಿ ಭೀಮೆಯನ್ನು ಸೇರುತ್ತದೆ. ಆ ಭೀಮೆ ಉಜನಿ ಜಲಾಶಯ ಹೊಕ್ಕು ಹೊರಬಂದು, ಪಂಢರಪುರದಲ್ಲಿ ಚಂದ್ರಭಾಗೆ ಅನ್ನಿಸಿಕೊಂಡು, ಸೊಲ್ಲಾಪುರ ಜಿಲ್ಲೆಗೂ ನಮ್ಮ ಇಂಡಿಗೂ ಗಡಿಯಾಗಿ ಹರಿಯುತ್ತದೆ. ಹೊಳೆಯ ಆ ದಂಡೆಯವಳು ಆಕೆ, ಈ ದಂಡೆಯವನು ನಾನು, ಇಬ್ಬರೂ ಹರಿವಿಗೆ ಎದುರಾಗಿ ಏರಿ ಬಂದು ಇಲ್ಲಿ ಒಂದು ತಟ್ಟೆ ಪಾಸ್ತಾದ ಎರಡು ಬದಿಗೆ ನಿಂತಿದ್ದೆವು!

ಈಗ ಆ ಗಂಜಿಯ ವಿಷಯ. ಪಾಸ್ತಾ ಬೇಯಿಸಿದ ನೀರಿನಲ್ಲಿ ಗೋಧಿಯ ಪಿಷ್ಟ ಇಳಿದಿರುತ್ತದೆ. ಅದನ್ನು ಒಂದು ಸೌಟು ಬೆಣ್ಣೆ ಅಥವಾ ಎಣ್ಣೆಯ ಜೊತೆ ಬಾಣಲೆಯಲ್ಲಿ ಕುದಿಸಿ ಕೈಯಾಡಿಸಿದರೆ ನೀರೂ ಎಣ್ಣೆಯೂ ಬೇರೆ ಬೇರೆ ನಿಲ್ಲದೆ ಒಂದಾಗಿ, ಹೊಳಪಾದ ಸಾಸ್ ಆಗಿ, ಪಾಸ್ತಾದ ಒಂದೊಂದು ತುಣುಕಿಗೂ ಅಂಟಿಕೊಳ್ಳುತ್ತದೆ. ಇಟಲಿಯ ಅಡುಗೆಯವರು ಈ ನೀರನ್ನು ಚೆಲ್ಲಲು ಬಿಡುವುದಿಲ್ಲ. ಅಕ್ಕಲಕೋಟೆಯ ಅಕ್ಕನೂ ಬಿಡುವುದಿಲ್ಲ, ಆದರೆ ಆಕೆಗೆ ಇದನ್ನು ಕಲಿಸಿದ್ದು ಇಟಲಿ ಅಲ್ಲ. “ಹೋಳ್ಗಿ ಮಾಡಿದಾಗ ಬ್ಯಾಳಿ ಕಟ್ಟು ಚೆಲ್ತೇವೇನ್ರಿ? ಕಟ್ಟಿನ ಸಾರು ಮಾಡ್ತೇವಿಲ್ರಿ? ಇದೂ ಹಂಗಽ.” ಹೋಳಿಗೆಯ ಕಟ್ಟನ್ನು ಕಾಪಾಡುವ ಕೈ ಪಾಸ್ತಾದ ಗಂಜಿಯನ್ನೂ ಕಾಪಾಡಿತು. ನಾನು ಎಷ್ಟೋ ಹೋಟೆಲ್‌ಗಳಲ್ಲಿ ಪಾಸ್ತಾ ತಿಂದಿದ್ದೇನೆ. ಅದು ಯಾಕೆ ಕೆಲವು ಕಡೆ ಒಣಗಿಕೊಂಡಿರುತ್ತದೆ, ಯಾಕೆ ಇಲ್ಲಿ ಹೀಗೆ ಮಿನುಗುತ್ತದೆ ಎಂದು ಅವತ್ತೇ ತಿಳಿದದ್ದು.

ಆಕೆ ಮೊದಲು ಕೆಲಸ ಮಾಡುತ್ತಿದ್ದದ್ದು ಐಟಿ ಕಂಪನಿಯೊಂದರ ಕ್ಯಾಂಟೀನಿನಲ್ಲಿ. ತರಕಾರಿ ಹೆಚ್ಚಲು ಸೇರಿದವಳು ವೈಟ್ ಸಾಸ್ ಮಾಡುವವರ ಪಕ್ಕದಲ್ಲಿ ನಿಂತೂ ನಿಂತೂ ಅದನ್ನು ಕಲಿತಳು. ಬೆಣ್ಣೆಯಲ್ಲಿ ಮೈದಾ ಹುರಿದು ಆಮೇಲೆ ಹಾಲು ಹಾಕಿದರೆ ಗಂಟು ಕಟ್ಟುವುದಿಲ್ಲ, ಹಿಟ್ಟಿನ ಕಣಕಣಕ್ಕೂ ಜಿಡ್ಡು ಸವರಿಕೊಂಡಿರುತ್ತದೆ. “ಉಪ್ಪಿಟ್ಟಿಗೆ ರವಾ ಹುರಿಯೂದಿಲ್ಲೇನ್ರಿ, ಹಂಗ,” ಅಂತ ಇದಕ್ಕೂ ಆಕೆಯ ಬಳಿ ಹೋಲಿಕೆ ಸಿದ್ಧವಿತ್ತು. ಹೈನಾನಿನ ಬಾಣಸಿಗರೇ ನೆನಪಾದರು.

ಹಳ್ಳಿಯ ಕೈ ನಗರದ ಕೆಲಸಕ್ಕೆ ಪಳಗುವುದಕ್ಕೆ ಮಗರಪಟ್ಟಾ ತಕ್ಕ ಜಾಗವೇ. ಇಂದು ಸೈಬರ್‌ಸಿಟಿಯ ಗಾಜಿನ ಗೋಪುರಗಳು ನಿಂತಿರುವ ನೆಲ ನಿನ್ನೆ ಮೊನ್ನೆಯವರೆಗೆ ಕಬ್ಬಿನ ಗದ್ದೆ. 1982ರ ನಗರ ಯೋಜನೆಯ ಕರಡಿನಲ್ಲಿ ಈ ಹೊಲಗಳು ಮುಂದೊಂದು ದಿನ ನಗರವಾಗಬಹುದಾದ ಭೂಮಿ ಎಂದು ಗುರುತಾದವು. ಪುಣೆ ಬೆಳೆಯುತ್ತ ಬಂತು, ಬಿಲ್ಡರ್‌ಗಳೂ ಬಂದರು. ಆಗ ಸತೀಶ್ ಮಗರ ಅವರ ಮುಂದಾಳತ್ವದಲ್ಲಿ ಸುಮಾರು 120 ರೈತ ಕುಟುಂಬಗಳು ಒಂದು ತೀರ್ಮಾನಕ್ಕೆ ಬಂದವು: ನೆಲ ಮಾರುವುದು ಬೇಡ. 400 ಎಕರೆಗೂ ಹೆಚ್ಚು ಜಮೀನನ್ನು ಒಟ್ಟುಗೂಡಿಸಿ, ತಾವೇ ಕಂಪನಿ ಕಟ್ಟಿ, ಕೊಟ್ಟ ಜಮೀನಿನ ಲೆಕ್ಕಕ್ಕೆ ಷೇರು ಪಡೆದು, ಊರನ್ನು ತಾವೇ ಕಟ್ಟಿದರು. 2000ದ ಹೊತ್ತಿಗೆ ಕೆಲಸ ಶುರುವಾಯಿತು. ಕಬ್ಬು ಕಡಿಯುತ್ತಿದ್ದ ಮನೆಗಳ ಮಕ್ಕಳು ಗುತ್ತಿಗೆದಾರರಾದರು, ಉದ್ಯಮಿಗಳಾದರು. ಮಗರಪಟ್ಟಾ ಒಳಗಿನ ಅದಿತಿ ಗಾರ್ಡನ್‌ನ ಹುಲ್ಲಿನ ಮೇಲೆ ಸಂಜೆ ನಡೆಯುವಾಗ ಪ್ರತಿ ಸಲವೂ ನನಗೆ ಈ ಸಂಗತಿ ಹೊಸದಾಗಿ ಬೆರಗು ಹುಟ್ಟಿಸುತ್ತದೆ. ಬೇಸಾಯದ ನೆಲ ರೈತರ ಕೈಯಿಂದ ಜಾರದೆಯೇ ನಗರವಾದ ಉದಾಹರಣೆ ನಮ್ಮ ದೇಶದಲ್ಲಿ ಎಷ್ಟಿವೆ ಹೇಳಿ! ಆ ಗೋಪುರಗಳಿಗೆ ದಿನವೂ ಬರುವ ಸಾವಿರಾರು ಜನರ ಹಸಿವು ಸಂಜೆ ಗೇಟು ದಾಟಿ ಹೊರಗೆ ಹರಿಯುತ್ತದೆ. ಸೊಲ್ಲಾಪುರ ರಸ್ತೆಯಿಂದ ಬಂದ ಕೈಗಳು ಅದನ್ನು ಕಾಯುತ್ತ ನಿಂತಿರುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಕಲಬುರಗಿ, ವಿಜಯಪುರ ಕಡೆಯಿಂದ ರಸ್ತೆಯಲ್ಲಿ ಬರುವವರಿಗೆ ಪುಣೆಯ ಹೊಸ್ತಿಲೇ ಹಡಪಸರ. ಬಸ್ಸು ಮೊದಲು ಉಸಿರು ಬಿಡುವುದು ಅಲ್ಲಿಯ ಗಾಡಿತಳ ನಿಲ್ದಾಣದಲ್ಲಿ.

ಇನ್ನು ಆ ಹಸಿರು. ಠೇಚಾ!

ಮರಾಠಿಯಲ್ಲಿ ಠೇಚಣೆ ಎಂದರೆ ಜಜ್ಜುವುದು, ಕುಟ್ಟುವುದು. ಸುಟ್ಟ ಅಥವಾ ಹುರಿದ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಶೇಂಗಾ ಇಟ್ಟು ಜಜ್ಜಿದ್ದು ಠೇಚಾ. ಈಗ ಇಟಲಿಯ ಜಿನೋವಾಕ್ಕೆ ಬನ್ನಿ. ಅಲ್ಲಿಯ ಹೆಸರಾದ ಹಸಿರು ಸಾಸ್‌ಗೆ ಪೆಸ್ಟೊ ಎನ್ನುತ್ತಾರೆ. ಅಮೃತಶಿಲೆಯ ಒರಳು, ಮರದ ಕುಟ್ಟಾಣಿ, ಬೇಸಿಲ್ ಎಲೆ, ಬೆಳ್ಳುಳ್ಳಿ, ಉಪ್ಪು, ಪೈನ್ ಮರದ ಬೀಜ, ಚೀಸ್, ಆಲಿವ್ ಎಣ್ಣೆ. ಆ ಪೆಸ್ಟೊ ಎಂಬ ಹೆಸರು ಬಂದದ್ದು ಯಾವ ಕ್ರಿಯಾಪದದಿಂದ ಗೊತ್ತೇ? ಕುಟ್ಟುವುದು, ಜಜ್ಜುವುದು! ಎರಡು ಊರು, ಎರಡು ಭಾಷೆ, ಒಂದೇ ಕೆಲಸ, ಒಂದೇ ಹೆಸರು. ಹಸಿರು ಒಂದು, ಬೆಳ್ಳುಳ್ಳಿ ಒಂದು, ಜಿಡ್ಡಿನ ಬೀಜ ಒಂದು, ಉಪ್ಪು, ಒರಳು. ಹಡಪಸರದ ಅಕ್ಕ ಪೆಸ್ಟೊ ತೆಗೆದು ಅದರ ಜಾಗದಲ್ಲಿ ಠೇಚಾ ಇಟ್ಟದ್ದು ತಮಾಷೆಗೆ ಹೊಳೆದ ಬದಲಾವಣೆ ಅಲ್ಲ. ಒಂದು ಕೀಲಿಯ ಜಾಗಕ್ಕೆ ಅದೇ ಬೀಗಕ್ಕೆ ಕೂಡುವ ಇನ್ನೊಂದು ಕೀಲಿ ಹಾಕಿದಂತೆ!

ಇದರ ಬೆನ್ನು ಹತ್ತಿ ಹೋದರೆ ಇನ್ನೊಂದು ಬೆರಗು. ಜಿನೋವಾದವರ ಬೇಸಿಲ್ ನಮ್ಮ ತುಳಸಿಯ ಕುಲದ್ದು, ಕನ್ನಡದಲ್ಲಿ ಅದೇ ಕಾಮಕಸ್ತೂರಿ. ಫಾಲೂದಾದಲ್ಲಿ ಉಬ್ಬಿ ತೇಲುವ ಕಪ್ಪು ಬೀಜ ಆ ಗಿಡದ್ದೇ. ನಮ್ಮದು ನಮ್ಮದು ಎಂದು ನಾವು ಎದೆ ತಟ್ಟಿಕೊಳ್ಳುವ ಠೇಚಾದಲ್ಲಿನ ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಐನೂರು ವರ್ಷದ ಹಿಂದೆ ವಿಜಯಪುರದ ಒರಳಿಗೆ ಎರಡೂ ಪರಿಚಯ ಇರಲಿಲ್ಲ. ಹೀಗಾಗಿ ‘ಫಾರಿನ್’ ಅನ್ನಿಸಿಕೊಳ್ಳುವ ಪೆಸ್ಟೊದಲ್ಲಿರುವುದು ನಮ್ಮ ಅಂಗಳದ ಎಲೆ, ‘ದೇಸಿ’ ಅನ್ನಿಸಿಕೊಳ್ಳುವ ಠೇಚಾದಲ್ಲಿರುವುದು ಸಮುದ್ರ ದಾಟಿದ ಕಾಯಿ. ಇದನ್ನು ಅಕ್ಕನಿಗೆ ಹೇಳಿದಾಗ ಆಕೆ ಸೌಟು ಹಿಡಿದೇ ಒಂದು ಕ್ಷಣ ನಿಂತಳು. “ಮೆಣಸಿನಕಾಯಿ ಇರಲಾರದ ಕಾಲದಾಗ ಜನಾ ರೊಟ್ಟಿ ಹೆಂಗ ತಿಂತಿದ್ರ್ರೀ?” ಎಂದು ಕೇಳಿದಳು. ನಾನು ಕಾಳುಮೆಣಸು ಎಂದೆ. ಆಕೆಗೆ ಸಮಾಧಾನವಾದಂತೆ ಕಾಣಲಿಲ್ಲ.

ಮತ್ತೊಂದು ಸಂಜೆ ಖಡಕ್ ಭಾಕರಿ ನ್ಯಾಚೋಸ್. ನಮ್ಮ ಕಡಕ್ ರೊಟ್ಟಿ! ತಿಂಗಳಾದರೂ ಕೆಡದ, ಮುರಿದರೆ ಟಪ್ ಎನ್ನುವ ಬಿಳಿಜೋಳದ ರೊಟ್ಟಿ. ಅದನ್ನು ಅಂಗೈಯಗಲದ ತುಂಡು ಮಾಡಿ, ಮೇಲೆ ಬಿಸಿ ಚೀಸ್ ಸಾಸ್, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಟೊಮ್ಯಾಟೊ, ಅದರ ಮೇಲೆ ಸೊಲ್ಲಾಪುರದ ಕೆಂಪು ಶೇಂಗಾ ಹಿಂಡಿ, ಎಣ್ಣೆ ಬಿಡುವ ತನಕ ಕುಟ್ಟಿದ್ದು. ನ್ಯಾಚೋಸ್ ಹುಟ್ಟಿದ್ದು ಮೆಕ್ಸಿಕೋದ ಗಡಿ ಊರು ಪಿಯೆದ್ರಾಸ್ ನೆಗ್ರಾಸ್‌ನಲ್ಲಿ, 1940ರ ದಶಕದಲ್ಲಿ. ಗಡಿಯಾಚೆಯ ಅಮೆರಿಕದಿಂದ ಬಂದ ಹೆಣ್ಣುಮಕ್ಕಳು ಹೋಟೆಲಿನಲ್ಲಿ ಕೂತಿದ್ದಾರೆ, ಅಡುಗೆಯವರು ಸಿಗುತ್ತಿಲ್ಲ. ಇಗ್ನಾಸಿಯೊ ಅನಾಯಾ ಎಂಬಾತ ಕೈಗೆ ಸಿಕ್ಕ ಮೆಕ್ಕೆಜೋಳದ ರೊಟ್ಟಿಯನ್ನು ತುಂಡು ಮಾಡಿ, ಗರಿಗರಿ ಕರಿದು, ಚೀಸ್ ಕರಗಿಸಿ, ಮೆಣಸಿನಕಾಯಿ ಇಟ್ಟು ಕೊಟ್ಟ. ಅವನ ಮುದ್ದಿನ ಹೆಸರು ನಾಚೊ, ತಿಂಡಿಗೂ ಅದೇ ಹೆಸರು. ಗಡಿಯ ಊರು, ಗರಿಗರಿ ರೊಟ್ಟಿ, ಮನೆಯಲ್ಲಿದ್ದದ್ದರಲ್ಲೇ ಒಪ್ಪ ಮಾಡಿ ಬಡಿಸುವ ಜಾಣತನ. ಅಕ್ಕಲಕೋಟೆಯೂ ಗಡಿಯ ಊರಲ್ಲವೇ? ಜೋಳದ ರೊಟ್ಟಿಯ ಆ ಮಣ್ಣಿನ ಕಂಪು ಚೀಸ್‌ನ ಉಪ್ಪಿನ ಕೆಳಗಿಂದ ಮೆಲ್ಲಗೆ ಏಳುತ್ತದೆ. ಪ್ಯಾಕೆಟ್ಟಿನ ನ್ಯಾಚೋಸ್‌ಗೆ ಆ ಕಂಪಿಲ್ಲ. ಕೂತು ಹೋಲಿಸಿ ನೋಡಿ, ನೀವೇ ಒಪ್ಪುತ್ತೀರಿ.

ತವಾ ಪಿಜ್ಜಾ ಚೆನ್ನಾಗಿದೆ, ಅಷ್ಟೇ. ಓವನ್ ಇಲ್ಲದ್ದಕ್ಕೆ ತವಾದ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚುತ್ತಾಳೆ, ಹಬೆಗೆ ಚೀಸ್ ಕರಗುತ್ತದೆ. ಸಿದ್ಧ ಬೇಸ್ ಆದ್ದರಿಂದ ಅದರಲ್ಲಿ ಆಕೆಯ ಕೈ ಅಷ್ಟಾಗಿ ಕಾಣುವುದಿಲ್ಲ. ಆದರೆ ಚೀಸ್ ಬಗ್ಗೆ ಒಂದು ಮಾತು. ಅದು ಎಲ್ಲಿಂದಲೋ ದೂರದಿಂದ ಬರುವ ವಸ್ತು ಎಂದುಕೊಂಡಿದ್ದೆ. ಪುಣೆ ಜಿಲ್ಲೆಯೇ ಚೀಸ್ ಸೀಮೆ! ನಾಸಿಕ್ ರಸ್ತೆಯ ಮಂಚರ್‌ನಲ್ಲಿ ಪರಾಗ್ ಮಿಲ್ಕ್ ಫುಡ್ಸ್‌ನ ದೊಡ್ಡ ಕಾರ್ಖಾನೆ ಇದೆ, ಬಾರಾಮತಿಯಲ್ಲೂ ಚೀಸ್ ತಯಾರಾಗುತ್ತದೆ. ಈ ಸೀಮೆಯ ಹಸುವಿನ ಹಾಲು ಮೊಝ್ಝರೆಲ್ಲಾ ಆಗಿ ನಮ್ಮ ಟೋಸ್ಟಿನ ಮೇಲೆ ನೂಲಿನಂತೆ ಎಳೆಯುತ್ತದೆ. 70 ರೂಪಾಯಿಗೆ ಟೋಸ್ಟ್ ಕೊಡಲು ಆಗುವುದರ ಗುಟ್ಟಿನಲ್ಲಿ ಇದೂ ಒಂದು. ಮತ್ತೊಂದು ಗುಟ್ಟು ಆ ಬಾಡಿಗೆಯ ಮೂಲೆ. ಇಡೀ ಅಂಗಡಿಯ ಭಾರ ಆಕೆಯ ಹೆಗಲಿಗಿಲ್ಲ.

ಪುಣೆಗೆ ಇದು ಹೊಸ ಚಾಳಿ ಅಲ್ಲವೇ ಅಲ್ಲ. 1935ರ ಕೆಫೆ ಗುಡ್‌ಲಕ್‌ನಲ್ಲಿ ಇರಾನಿಗಳು ಬನ್ ಮಸ್ಕಾ ಕೊಟ್ಟು ವಿದ್ಯಾರ್ಥಿಗಳ ಹೊಟ್ಟೆ ತುಂಬಿಸಿದರು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಬೆಳೆಸಿದವರು ನಮ್ಮ ಉಡುಪಿ ಕಡೆಯ ಜಗನ್ನಾಥ ಶೆಟ್ಟರು. ಇಡ್ಲಿ ದೋಸೆಯ ಮನೆಯಲ್ಲೇ ಎಸ್‌ಪಿಡಿಪಿ ಎಂಬ ಮೊಸರು ಪುರಿಗೆ ಇಡೀ ಊರು ಸಾಲುಗಟ್ಟುವಂತೆ ಮಾಡಿದರು. 2023ರಲ್ಲಿ ಅವರು ತೀರಿಕೊಂಡಾಗ ಪುಣೆಯವರು ತಮ್ಮ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮಾತಾಡಿದರು. ಈ ಊರಿನ ನಾಲಿಗೆಗೆ ಕನ್ನಡ ನಾಡಿನ ಕೈರುಚಿ ಹೊಸದಲ್ಲ. ಕರಾವಳಿಯ ಕೈ ಆಗಲೇ ಬಂದಿತ್ತು, ಈಗ ಬಯಲುಸೀಮೆಯ ಕೈ ಬಂದಿದೆ.

ಎಲ್ಲಕ್ಕಿಂತ ದೊಡ್ಡ ಬೆರಗು ಒಂದು ಶನಿವಾರ ಕಾದಿತ್ತು. ಆವತ್ತು ಅಕ್ಕ ಹೊಸ ಪೊಟ್ಟಣ ಒಡೆದಳು. ಒಳಗೆ ಅಕ್ಕಿಕಾಳಿನಂಥ, ಎರಡೂ ತುದಿ ಚೂಪಾದ ಸಣ್ಣ ಪಾಸ್ತಾ. ಓರ್ಜೊ ಅಂತ ಅದರ ಹೆಸರು. ನೋಡಿದವನೇ ನಾನು ಕೂಗಿಬಿಟ್ಟೆ: “ಅಕ್ಕಾರ, ಇವು ಗೌಲಿ ಅಲ್ಲೇನ್ರಿ!”

ಆಕೆ ಅಂಗೈಯಲ್ಲಿ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣು ದೊಡ್ಡವಾದವು. “ಖರೇನ್ರಿ ಅಣ್ಣಾರ! ಗೌಲಿನ ಇವು!”

ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮದುವೆ ಗೊತ್ತಾದ ಮನೆಯಲ್ಲಿ ಓಣಿಯ ಹೆಣ್ಣುಮಕ್ಕಳು ಮಧ್ಯಾಹ್ನ ಸೇರುತ್ತಾರೆ. ಕಣಕ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಚೂರು ಚೂರೇ ಹೊಸೆಯುತ್ತ, ಹಾಡುತ್ತ, ಗೌಲಿ, ಪರಡಿ ಮಾಡಿ ನೆರಳಲ್ಲಿ ಒಣಗಿಸುತ್ತಾರೆ. ಮದುವೆಯಲ್ಲಿ ಅದನ್ನು ಬೇಯಿಸಿ ತುಪ್ಪ ಸಕ್ಕರೆ ಹಾಕಿ, ಇಲ್ಲವೇ ಹಾಲು ಬೆಲ್ಲದಲ್ಲಿ ಬಡಿಸುತ್ತಾರೆ. ಇಟಲಿಯ ದಕ್ಷಿಣದ ಬಾರಿ ಎಂಬ ಊರಿನ ಹಳೆಯ ಓಣಿಗಳಲ್ಲಿ ಇಂದಿಗೂ ಹೆಣ್ಣುಮಕ್ಕಳು ಮನೆಯ ಮುಂದೆ ಹಲಗೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಹಿಟ್ಟು ಒತ್ತಿ, ಪುಟ್ಟ ಕಿವಿಯಾಕಾರದ ಪಾಸ್ತಾ ಮಾಡಿ ಒಣಹಾಕುತ್ತಾರೆ. ಅದೇ ಓಣಿ, ಅದೇ ಹೆಬ್ಬೆರಳು, ಅದೇ ಮಧ್ಯಾಹ್ನ! ನಮ್ಮ ಶಾವಿಗೆ ಮಣೆಯ ಮೇಲೆ ಎಳೆ ತೆಗೆದು ಕೋಲಿಗೆ ಇಳಿಬಿಡುವ ಹಾಗೆ ಅವರೂ ಎಳೆ ಪಾಸ್ತಾವನ್ನು ಕೋಲಿಗೆ ಹಾಕಿ ಒಣಗಿಸುತ್ತಾರೆ.

ಗೋಧಿಯೂ ನೆಂಟಸ್ತಿಕೆಯದ್ದೇ. ಪಾಸ್ತಾ ಬೆಂದರೂ ಮುದ್ದೆಯಾಗದಿರುವುದಕ್ಕೆ ಕಾರಣ ಡುರಮ್ ಎಂಬ ಗಟ್ಟಿ, ಹಳದಿ ಗೋಧಿ. ನಮ್ಮ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುತ್ತಿದ್ದ ಬಿಜಗ ಯೆಲ್ಲೋ ಎಂಬ ಹಳೆಯ ತಳಿ ಡುರಮ್ ಜಾತಿಯದೇ. ಬೆಳಗಾವಿ, ಧಾರವಾಡ ಕಡೆ ಸದಕ ಅನ್ನುವ, ಮರಾಠಿಯವರು ಖಪಲಿ ಅನ್ನುವ ಕೆಂಪು ಗೋಧಿ ಇದೆಯಲ್ಲ, ಇಟಲಿಯವರು ಫಾರ್ರೊ ಎಂದು ಆದರದಿಂದ ಸೂಪಿಗೆ ಹಾಕುವುದರಲ್ಲಿ ಅದೇ ಜಾತಿಯ ಗೋಧಿ ಸೇರಿದೆ! ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರಲ್ಲಿ ಡಿಡಿಕೆ-1025, ಡಿಡಿಕೆ-1029 ಎಂಬ ಗಿಡ್ಡ ತಳಿಗಳನ್ನು ಕೊಟ್ಟಿದೆ. ಶಾವಿಗೆಗೂ ಹುಗ್ಗಿಗೂ ನಮ್ಮ ಅಜ್ಜಿಯಂದಿರು ಆ ಗೋಧಿಯೇ ಬೇಕೆಂದು ಹಟ ಹಿಡಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಎಳೆ ಹರಿಯಬಾರದು, ಕಾಳು ಒಡೆಯಬಾರದು. ಇಟಲಿಯ ಅಜ್ಜಿಯರ ಹಟವೂ ಅದೇ.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. “ಗೌಲಿ ಅದಾವೇನಬೇ ಮನ್ಯಾಗ?” ಎಂದೆ. “ನಿನ್ನ ತಂಗೀ ಮದಿವಿದು ಡಬ್ಬ್ಯಾಗ ಉಳದಾವು. ಯಾಕಪಾ, ಪಾಯಸ ಮಾಡ್ಕೋತಿ?” ಎಂದಳು. ಪಾಸ್ತಾ ಮಾಡಸ್ತೀನಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಭಾಳ ಬೇಯಿಸಬ್ಯಾಡ ಅನ್ನು ಆಕಿಗೆ, ಕರಗತಾವು,” ಎಂದಳು.

ಊರಿಂದ ಬರುವವರ ಕೈಯಲ್ಲಿ ಬಟ್ಟೆಯ ಗಂಟು ಬಂತು. ಭಾನುವಾರ ಸಂಜೆ ಅಂಗಡಿಗೆ ಒಯ್ದೆ. ಅಕ್ಕ ಗಂಟು ಬಿಚ್ಚಿ ಮೂಸಿ ನೋಡಿದಳು, ಮಗನನ್ನು ಕರೆದು ತೋರಿಸಿದಳು. ನೀರು ಕುದಿಯಿತು, ಉಪ್ಪು ಬಿತ್ತು, ಗೌಲಿ ಬಿತ್ತು. ನಾಲ್ಕೇ ನಿಮಿಷಕ್ಕೆ ಸೋಸಿದಳು, ಗಂಜಿ ತೆಗೆದಿಟ್ಟಳು. ಬಾಣಲೆಯಲ್ಲಿ ಬೆಣ್ಣೆ, ಅದರಲ್ಲಿ ಎರಡು ಚಮಚ ಠೇಚಾ, ಒಂದು ಸೌಟು ಗಂಜಿ, ಆಮೇಲೆ ಗೌಲಿ. ಹಸಿರು ಹಿಡಿದು ಕಾಳು ಕಾಳೂ ಮಿನುಗಿತು. ಒಂದೂ ಕರಗಿರಲಿಲ್ಲ. ಪಕ್ಕದ ಮೇಜಿನಲ್ಲಿ ಕೊರಳಿಗೆ ಐಡಿ ಕಾರ್ಡ್ ತೂಗಿಸಿಕೊಂಡು ಕಾಫಿ ಕುಡಿಯುತ್ತಿದ್ದ ಮೂವರು ಹುಡುಗಿಯರು ತಿರುಗಿ ನೋಡಿ, ಅದೇನು, ತಮಗೂ ಬೇಕು ಎಂದು ಮರಾಠಿಯಲ್ಲಿ ಕೇಳಿದರು. ಇದ್ದದ್ದು ಒಂದು ಬೊಗಸೆ. ಅಕ್ಕ ಐದು ತಟ್ಟೆ ಸಾಲಾಗಿ ಇಟ್ಟು, ಒಂದೊಂದಕ್ಕೂ ನಾಲ್ಕು ನಾಲ್ಕು ಚಮಚ ಹಾಕಿ, ಮೇಲೆ ಚೀಸ್ ತುರಿಯತೊಡಗಿದಳು.